ಗೇರಿಗೆ ಮಾಡಿದ ಬಾಣಂತನ

ಇದನ್ನು ನಾನು ಕಿರುಬೆರಳಿನಿಂದ ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ವೆಲ್ಡಿಂಗ್ ಹೋಲ್ಡರ್ ಹಿಡಿದ ಹೆಬ್ಬೆರಳಿನ ಚರ್ಮ ಸುಟ್ಟು ಸುಟ್ಟು ಚಪ್ಪಲಿಯ ಅಟ್ಟೆಯಂತಾಗಿದೆ. ಅದರಿಂದ ಒತ್ತಿದರೆ, ಮುಟ್ಟಿದ್ದು ಮನುಷ್ಯರು ಅಂತ ಫೋನಿಗೆ ಅನ್ನಿಸುವುದೇ ಇಲ್ಲ. ಮೊಮ್ಮಗಳು ಒಂದು ವಾರ ಪಕ್ಕದಲ್ಲಿ ಕೂತು ಕಲಿಸಿದಳು. ಅವಳು ಈ ವರ್ಷ ಐಟಿಐಗೆ ಸೇರಿದ್ದಾಳೆ, ವೆಲ್ಡಿಂಗ್ ಕಲಿಯಲಿಕ್ಕೆ. "ಆಯಿ, ನೀ ಮಾಡಿದ್ದನ್ನೆಲ್ಲಾ ಬರಿ, ನಮ್ಮ ಕ್ಲಾಸಿನವರಿಗೆ ಕಳಸ್ತೇನಿ" ಅಂದಳು. ಸರಿಯಾಗಿ ಮಾಡಿದ್ದನ್ನು ನಿಮ್ಮ ಸರ್ ಹೇಳಿಕೊಡುತ್ತಾರೆ. ಹಾಗಾಗಿ ನಾನು ಉಳಿದದ್ದನ್ನು ಬರೆಯುತ್ತೇನೆ.

ಗಬ್ಬೂರ ಬೈಪಾಸಿಗೆ ಹತ್ತಿಕೊಂಡಿದ್ದ ಆ ಗ್ಯಾರೇಜಿಗೆ ನಾನು ಸೇರಿದ್ದು ವೆಲ್ಡಿಂಗ್ ಮಾಡಲಿಕ್ಕಲ್ಲ, ಎಣ್ಣೆ ಹಿಡಿದ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆಯಲಿಕ್ಕೆ. ತೊಂಬತ್ತರ ದಶಕದ ಶುರುವಿನ ಮಾತು. ಗ್ಯಾರೇಜಿನ ಯಜಮಾನರು ದಸ್ತಗೀರ ಮೇಸ್ತ್ರಿ. ಬಿಳಿ ಟೋಪಿ, ಬಿಳಿ ಗಡ್ಡ. ಇಡೀ ಗ್ಯಾರೇಜಿನಲ್ಲಿ ಎಣ್ಣೆ ತಾಗದ ವಸ್ತುಗಳೆಂದರೆ ಅವೆರಡೇ. ಒಂದು ದಿನ ಅಲ್ಲಿದ್ದ ವೆಲ್ಡರ್ ಹೇಳದೆ ಕೇಳದೆ ಕೆಲಸ ಬಿಟ್ಟುಹೋದ. ಅಂಗಳದಲ್ಲಿ ಒಂದು ಟೆಂಪೋ ಸೈಲೆನ್ಸರ್ ಬಾಯಿಬಿಟ್ಟುಕೊಂಡು ನಿಂತಿತ್ತು. ನಾನು ಹೋಲ್ಡರ್ ಎತ್ತಿಕೊಂಡೆ.

"ಶಾಂತವ್ವಾ, ಇಡು ಅದನ್ನ. ಅದೇನ ರೊಟ್ಟಿ ಸುಡೂದಲ್ಲ," ಅಂದರು ಮೇಸ್ತ್ರಿ.

"ಖರೇರಿ. ರೊಟ್ಟಿ ಸುಡೂದು ಇದಕಿಂತ ಕಷ್ಟ ಐತಿ," ಅಂದೆ.

ಅವರು ನಗಲಿಲ್ಲ, ಆದರೆ ತಡೆಯಲೂ ಇಲ್ಲ. ಆ ಸೈಲೆನ್ಸರಿನ ಮೇಲೆ ನಾನು ಹಾಕಿದ ಮೊದಲ ಬೆಸುಗೆ, ಒಣಹಾಕಿದ ಹಪ್ಪಳದ ಮೇಲೆ ಕೋಳಿ ಓಡಾಡಿದ ಹಾಗಿತ್ತು. ಕಪ್ಪು ಗಾಜನ್ನು ಸರಿಯಾಗಿ ಹಿಡಿಯಲು ಬಾರದೆ ಬೆಳಕು ನೋಡಿಬಿಟ್ಟಿದ್ದೆ. ಮರುದಿನವೆಲ್ಲ ಕಣ್ಣೊಳಗೆ ಖಾರದ ಪುಡಿ ಹಾಕಿ ತಿಕ್ಕಿದಂತೆ. ಆದರೂ ಟೆಂಪೋ ಸದ್ದಿಲ್ಲದೆ ಹೋಯಿತು. ಅಂದಿನಿಂದ ಸಾಮಾನು ತೊಳೆಯಲು ಬೇರೆಯವರು ಬಂದರು.

ಎರಡನೆಯ ವರ್ಷದಲ್ಲಿ ಕುರ್ಚಿಯ ಪ್ರಸಂಗ ನಡೆಯಿತು. ಮೇಸ್ತ್ರಿಯವರ ಕಬ್ಬಿಣದ ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿತ್ತು. ರಿಪೇರಿ ಮಾಡು ಅಂದರು. ಆವತ್ತು ಬೆಳಿಗ್ಗೆಯಷ್ಟೇ ಅವರು ನನ್ನ ಒಂದು ಬೆಸುಗೆ ನೋಡಿ, "ಇದು ಸಣ್ಣ ಗಾಳಿಗೂ ಬಿಚ್ಚತೈತಿ" ಎಂದು ಎಲ್ಲರೆದುರು ಹೇಳಿದ್ದರು. ನಾನು ಕುರ್ಚಿಯನ್ನು ನೆಲದ ಮೇಲಿದ್ದ ದೊಡ್ಡ ಕಬ್ಬಿಣದ ಹಾಳೆಯ ಮೇಲಿಟ್ಟು ಬೆಸೆದೆ. ಊಟ ಮುಗಿಸಿ ಬಂದು ಮೇಸ್ತ್ರಿ ಕೂತರು. ಗಿರಾಕಿಯೊಬ್ಬರು ಬಂದರೆಂದು ಕುರ್ಚಿ ಎಳೆದುಕೊಳ್ಳಲು ನೋಡಿದರೆ ಕುರ್ಚಿ ಬರಲಿಲ್ಲ. ನಾಲ್ಕೂ ಕಾಲು ಹಾಳೆಗೆ ಹತ್ತಿಕೊಂಡಿದ್ದವು. ಅದನ್ನು ಬಿಡಿಸಲು ಅವರಿಗೆ ಉಳಿ ಸುತ್ತಿಗೆ ಹಿಡಿದು ಅರ್ಧ ದಿನ ಬೇಕಾಯಿತು.

"ಹೆಂಗಾತಿದು?" ಅಂತ ಕೇಳಿದರು.

"ತಪ್ಪಿ ಆತ್ರಿ," ಅಂದೆ.

ಹದಿನೈದು ವರ್ಷಕ್ಕೂ ಮಿಕ್ಕಿ ಅದನ್ನೇ ಹೇಳಿಕೊಂಡು ಬಂದೆ.

ಈಗ ಗುರುತಿನ ವಿಷಯ. ಇದು ನಿಮ್ಮ ಪುಸ್ತಕದಲ್ಲಿ ಇರಲಾರದು. ಒಮ್ಮೆ ನಮ್ಮಲ್ಲಿ ಬೆಸೆದ, ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಹಿಡಿದಿಡುವ ಬ್ರಾಕೆಟ್ಟು ಘಟ್ಟದಲ್ಲಿ ಕಿತ್ತುಬಂದಿತ್ತಂತೆ. ಯಾರು ಬೆಸೆದದ್ದು ಅಂತ ಕೇಳಿದರೆ ಎಲ್ಲರೂ 'ನಾನಲ್ಲ' ಅಂದರಂತೆ. ನಾನು ಸೇರುವ ಮೊದಲಿನ ಸಂಗತಿ. ಅಂದಿನಿಂದ ಮೇಸ್ತ್ರಿ ಎರಡು ನಿಯಮ ಮಾಡಿದ್ದರು. ಚಾಸಿ, ಆಕ್ಸಲ್, ಸ್ಟೇರಿಂಗ್, ಹೀಗೆ ಜೀವದ ಭಾರ ಹೊರುವ ಜಾಗದಲ್ಲಿ ಬೆಸೆದವರು ಪಕ್ಕದಲ್ಲೇ ತಮ್ಮ ಗುರುತು ಹೊಡೆಯಬೇಕು. ಆಮೇಲೆ ಗಾಡಿಯನ್ನು ಓಡಿಸಿ ನೋಡುವಾಗ ಬೆಸೆದವರೇ ಅದರಲ್ಲಿ ಕೂಡಬೇಕು. ಮೇಸ್ತ್ರಿಯವರ ಗುರುತು ಉಳಿಯಿಂದ ಕೊರೆದ ಅರ್ಧಚಂದ್ರ. ಯಾರಿಗೆ ಗುರುತು ಕೊಡಬೇಕೆಂದು ನಿರ್ಧರಿಸುವವರೂ ಅವರೇ. ಗುರುತಿಲ್ಲದವರಿಗೆ ಮಡ್‌ಗಾರ್ಡು, ಸೈಲೆನ್ಸರು, ಬಾಗಿಲು, ತಗಡು.

ನನಗೆ ಹನ್ನೊಂದು ವರ್ಷ ತಗಡೇ ಗತಿಯಾಯಿತು.

ನನ್ನ ಕಣ್ಣೆದುರಿಗೇ, ನನ್ನ ನಂತರ ಬಂದ ಇಬ್ಬರು ಗಂಡಸರಿಗೆ ಗುರುತು ಸಿಕ್ಕಿತು. ಒಬ್ಬನ ಬೆಸುಗೆಯನ್ನು ಎಷ್ಟೋ ಸಲ ನಾನೇ ಗ್ರೈಂಡರ್ ಹಿಡಿದು ಸರಿ ಮಾಡಿ ಕೊಟ್ಟಿದ್ದೆ. ಕೇಳಿದರೆ ಮೇಸ್ತ್ರಿ, "ನಿಂದು ಕೈ ಛಲೋ ಐತಿ, ತಾಳ್ಮಿ ಇಲ್ಲ" ಅನ್ನುತ್ತಿದ್ದರು. ಹನ್ನೊಂದು ವರ್ಷ ತಾಳಿಕೊಂಡವಳಿಗೆ ಹೇಳುವ ಮಾತೇ ಇದು?

ಹೀಗಿರುವಾಗ ಆನಂದ ಬಂದ. ಗೋಪನಕೊಪ್ಪದವನು, ಮನೆಮನೆಗೆ ಕೇಬಲ್ ಟಿವಿಯ ತಂತಿ ಎಳೆಯುವ ಕೆಲಸ. ಧಾರವಾಡದ ಯಾರೋ ಹತ್ತಿ ವ್ಯಾಪಾರಿಯ ಅಂಗಳದಲ್ಲಿ ತಾಡಪತ್ರಿ ಹೊದ್ದು ಮಲಗಿದ್ದ ಹಳೆಯ ವಿದೇಶಿ ಕಾರನ್ನು ಅಗ್ಗಕ್ಕೆ ಕೊಂಡಿದ್ದ. ಉದ್ದನೆಯ ಮೂತಿ, ಚರ್ಮದ ಸೀಟು, ಬಾಗಿಲು ಹಾಕಿದರೆ 'ಧಪ್' ಎನ್ನುವ ಗಂಭೀರ ಸದ್ದು. ಊರಿನ ಬೇರೆ ಸಣ್ಣ ಕಾರುಗಳಂತೆ ಎಂಜಿನ್ನು ಮುಂದಿನ ಗಾಲಿ ತಿರುಗಿಸುವುದಿಲ್ಲ, ಹಿಂದಿನ ಗಾಲಿ ತಿರುಗಿಸುತ್ತದೆ. ಅವನಿಗೆ ಬೇಕಾಗಿದ್ದುದೂ ಅದೇ. ವಿದೇಶದಲ್ಲಿ ಕಾರನ್ನು ತಿರುವಿನಲ್ಲಿ ಬೇಕೆಂದೇ ಅಡ್ಡಡ್ಡ ಜಾರಿಸುತ್ತ ಓಡಿಸುವ ಆಟವನ್ನು ಟಿವಿಯಲ್ಲಿ ನೋಡಿದ್ದನಂತೆ. ಡ್ರಿಫ್ಟಿಂಗ್ ಅಂತ ಅದರ ಹೆಸರು. ಬೆಳಗಾವಿಯ ಹತ್ತಿರದ ಮೈದಾನದಲ್ಲಿ ಹುಡುಗರು ಸೇರಿ ಅಂಥದ್ದೊಂದು ಪಂದ್ಯ ಇಟ್ಟುಕೊಂಡಿದ್ದರು.

"ಮೇಸ್ತ್ರಿ, ಹಿಂದಿನ ಡಿಫರೆನ್ಷಿಯಲ್ ವೆಲ್ಡ್ ಮಾಡಿ ಲಾಕ್ ಮಾಡಿ ಕೊಡ್ರಿ," ಅಂದ.

ಇದೇನೆಂದು ನಿಮಗೆ ಹೇಳಬೇಕು. ಕಣದಲ್ಲಿ ಹಂತಿ ಹೂಡಿದ್ದನ್ನು ನೋಡಿದ್ದೀರಾ? ಎತ್ತುಗಳು ನಡುವಿನ ಮೇಟಿಯನ್ನು ಸುತ್ತುವಾಗ ಒಳಗಿನ ಎತ್ತು ಸಣ್ಣ ಹೆಜ್ಜೆ ಹಾಕುತ್ತದೆ, ಹೊರಗಿನದು ದೊಡ್ಡ ಹೆಜ್ಜೆ. ತಿರುವಿನಲ್ಲಿ ಕಾರಿನ ಗಾಲಿಗಳಿಗೂ ಅದೇ ಪಾಡು. ಒಂದು ನಿಧಾನ, ಒಂದು ಜೋರು. ಹಾಗೆ ಬೇರೆಬೇರೆಯಾಗಿ ತಿರುಗಲು ಅವೆರಡರ ನಡುವೆ ಒಂದು ಗೂಡಿನಲ್ಲಿ ಸಣ್ಣ ಗೇರುಗಳು ಇರುತ್ತವೆ. ಆ ಗೇರುಗಳನ್ನು ಒಂದಕ್ಕೊಂದು ಬೆಸೆದುಬಿಟ್ಟರೆ ಎರಡೂ ಗಾಲಿ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಆಗ ತಿರುವಿನಲ್ಲಿ ಒಂದಾದರೂ ಜಾರಲೇಬೇಕು. ಅದಕ್ಕೆಂದೇ ಮಾಡಿದ ಬೇರೆ ಡಿಫರೆನ್ಷಿಯಲ್ ಸಿಗುತ್ತಂತೆ, ಕಾರಿಗಿಂತ ತುಟ್ಟಿ. ಬಡವರ ದಾರಿ ವೆಲ್ಡಿಂಗ್. ಇಂಥ ಗಾಡಿ ಮೈದಾನಕ್ಕಷ್ಟೇ, ದಾರಿಗೆ ತರಬಾರದು. ಯಾಕೆಂದು ಮುಂದೆ ಗೊತ್ತಾಗುತ್ತದೆ.

"ಕಂಪನಿಯವರು ತಲಿ ಖರ್ಚು ಮಾಡಿ ತಿರಗೂವಂಗ ಮಾಡ್ಯಾರ, ನಾ ಅದನ್ನ ತಿರಗದಂಗ ಮಾಡ್ಲೇನು? ಹೋಗಪಾ," ಅಂದರು ಮೇಸ್ತ್ರಿ.

ಆ ವಾರವೇ ಅವರು ತಂಗಿಯ ಮಗಳ ಮದುವೆಗೆಂದು ವಿಜಾಪುರಕ್ಕೆ ನಾಲ್ಕು ದಿನ ಹೊರಟರು. ಬಸ್ಸು ಬೈಪಾಸು ದಾಟಿತೋ ಇಲ್ಲವೋ, ನಾನು ಆನಂದನಿಗೆ ಹೇಳಿಕಳಿಸಿದೆ.

"ಕಾಕೂ, ನೀವು ಮಾಡ್ತೀರೇನು?" ಅಂತ ಅನುಮಾನದಿಂದ ಕೇಳಿದ.

"ಯಾಕ, ಗೇರು ಹೆಣಮಕ್ಕಳನ್ನ ಕಂಡ್ರ ನಾಚತಾವೇನು?"

ಇಬ್ಬರು ಮೆಕ್ಯಾನಿಕರು ಮುಸಿಮುಸಿ ನಗುತ್ತ ಹಿಂದಿನ ಭಾಗವನ್ನು ಇಳಿಸಿ, ಗೇರಿನ ಗೂಡನ್ನು ಹೊರತೆಗೆದುಕೊಟ್ಟರು. ನಾನು ಅದನ್ನು ಪೆಟ್ರೋಲಿನಲ್ಲಿ ಮೂರು ಸಲ ತೊಳೆದು ಒಣಗಿಸಿದೆ. ಎಣ್ಣೆಯ ಪಸೆ ಒಂದಿಷ್ಟು ಉಳಿದರೂ ಬೆಸುಗೆ ಗುಳ್ಳೆ ಗುಳ್ಳೆಯಾಗುತ್ತದೆ. ಬೆಸುಗೆಯ ರಾಡುಗಳನ್ನು ರೊಟ್ಟಿಯ ಹಂಚಿನ ಮೇಲಿಟ್ಟು ತೇವ ಹಾರಿಸಿದೆ. ದೊಡ್ಡ ಗೇರಿನ ಹಲ್ಲುಗಳಿಗೆ ಕಿಡಿ ಸಿಡಿಯದಂತೆ ತಗಡು ಕಟ್ಟಿದೆ. ಇಷ್ಟೆಲ್ಲ ಶಿಸ್ತಿನಿಂದ ಮಾಡಿ, ಗೇರುಗಳನ್ನು ಬೆಸೆದು, ಕೊನೆಗೆ ಕತ್ತೆಯಂಥ ಕೆಲಸ ಮಾಡಿದೆ. ಆನಂದ ಪಕ್ಕದಲ್ಲಿ ನಿಂತು "ಲಗೂ ಆಗತೈತೇನ್ರಿ, ಕಾಕೂ" ಅಂತ ಜಪ ಮಾಡುತ್ತಿದ್ದ. ನನಗೂ ನೋಡುವ ಆತುರ. ಹನ್ನೊಂದು ವರ್ಷ ಸೈಲೆನ್ಸರಿಗೆ ಮಾಡಿದ ರೂಢಿಯಂತೆ ಒಂದು ಕೊಡ ತಣ್ಣೀರು ತಂದು ಸುರಿದೆ.

ಒಂದು ಕ್ಷಣ ಬರೀ ಹಬೆ. ಆಮೇಲೆ 'ಟಿಣ್' ಅಂತ ಸಣ್ಣ ಸದ್ದು. ಗಾಜಿನ ಬಳೆ ಒಡೆದ ಹಾಗೆ. ನೋಡಿದರೆ ಬೆಸುಗೆಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು.

ಆನಂದನ ಮುಖ ಬೆಳ್ಳಗಾಯಿತು. ನನ್ನದು ಮಸಿಯಿಂದಾಗಿ ಕಾಣಲಿಲ್ಲ. ತಗಡು ಬೇರೆ, ಗೇರು ಬೇರೆ. ಗೇರಿನ ಉಕ್ಕು ಗಟ್ಟಿ, ಆದರೆ ಸಿಟ್ಟಿನದು. ಕಾದದ್ದನ್ನು ಒಮ್ಮೆಲೇ ತಣ್ಣಗೆ ಮಾಡಿದರೆ ಒಡೆಯುತ್ತದೆ. ತಾಳ್ಮೆ ಇಲ್ಲ ಎಂದು ಮೇಸ್ತ್ರಿ ಹೇಳಿದ್ದು ಇದನ್ನೇ. ಅವರು ಊರಲ್ಲಿ ಇಲ್ಲದಿದ್ದರೂ ಗೆದ್ದುಬಿಟ್ಟಿದ್ದರು. ಇದನ್ನು ಹೀಗೇ ಬಿಟ್ಟರೆ ಸಾಯುವತನಕ ನನಗೆ ತಗಡೇ ಗಟ್ಟಿ.

ಹಳೆಯ ಬೆಸುಗೆಯನ್ನು ಗ್ರೈಂಡರಿನಿಂದ ಪೂರ್ತಿ ತೆಗೆಯುವುದರಲ್ಲೇ ಮರುದಿನ ಕಳೆಯಿತು. ಬಗ್ಗಿ ಕೂತು ತಿಕ್ಕುವಾಗ ನಮ್ಮವ್ವನ ನೆನಪಾಯಿತು. ಹೆರಿಗೆಯಾದ ಮೈ ಬಿಸಿ ಇರುತ್ತದೆ, ಒಮ್ಮೆಲೇ ತಂಪು ತಾಗಬಾರದು ಅಂತ, ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು, ಮೇಲೆ ಕೌದಿ ಹೊದಿಸಿ, ಕಿಟಕಿಯ ಸಂದಿಗೂ ಬಟ್ಟೆ ತುರುಕುತ್ತಿದ್ದಳು. ನನಗೆ ಎರಡು ಬಾಣಂತನ ಹಾಗೇ ಮಾಡಿದ್ದಳು. ಗೇರಿಗೆ ಯಾಕೆ ಮಾಡಬಾರದು?

ಅಂದು ಸಂಜೆಯೇ ಸಗಣಿಯ ಕುಳ್ಳು ತರಿಸಿ ಕೆಂಡ ಮಾಡಿದೆ. ಮೊದಲು ಗೇರಿನ ಗೂಡನ್ನು ಆ ಕೆಂಡದ ಮೇಲೆ ನಿಧಾನಕ್ಕೆ ಬಿಸಿ ಮಾಡಿದೆ. ಬಿಸಿ ಆರುವ ಮೊದಲೇ ಸ್ವಲ್ಪ ಸ್ವಲ್ಪವೇ ಬೆಸೆದೆ. ಆ ಬದಿ ಒಂದಿಷ್ಟು, ಈ ಬದಿ ಒಂದಿಷ್ಟು. ಮುಗಿದ ಮೇಲೆ ಡಬ್ಬಿಯಲ್ಲಿ ಬಿಸಿ ಬೂದಿ ತುಂಬಿ ಅದರಲ್ಲಿ ಹೂತು, ಮುಚ್ಚಳ ಹಾಕಿ, ಅದರ ಮೇಲೆ ಮನೆಯಿಂದ ತಂದ ಹಳೆಯ ಕೌದಿ ಹೊದಿಸಿದೆ.

"ಕಾಕೂ, ಎಷ್ಟೊತ್ತು ಹಿಂಗ?" ಅಂತ ಆನಂದ ಕೇಳಿದ.

"ನಾಳಿ ಮಧ್ಯಾನದತನಕ. ಬಾಣಂತಿ ಮಲಗ್ಯಾಳ, ಸದ್ದ ಮಾಡಬ್ಯಾಡ."

ಮರುದಿನ ಕೌದಿ ತೆಗೆದಾಗ ಬೂದಿ ಇನ್ನೂ ಬೆಚ್ಚಗಿತ್ತು. ಬಿರುಕಿಲ್ಲ, ಗುಳ್ಳೆಯಿಲ್ಲ. ಬೆಸುಗೆ ಹೆಣೆದ ಜಡೆಯಂತೆ ಮಲಗಿತ್ತು. ಅದನ್ನು ನೋಡುತ್ತ ನೋಡುತ್ತ ನನಗೆ ಬುದ್ಧಿ ಕೆಟ್ಟಿತು. ಪಂಚು ಸುತ್ತಿಗೆ ತೊಗೊಂಡು, ಗೂಡಿನ ಅಂಚಿನ ಮೇಲೆ ಮೂರು ಚುಕ್ಕಿ ಹೊಡೆದೆ. ಎರಡು ಕೆಳಗೆ, ಒಂದು ಮೇಲೆ. ಸಣ್ಣವಳಿದ್ದಾಗ ನನ್ನ ಗದ್ದದ ಮೇಲೆ ಹಾಕಿಸಿದ ಹಚ್ಚೆಯೂ ಹಾಗೇ ಇದೆ.

ಮೆಕ್ಯಾನಿಕರು ಎಲ್ಲವನ್ನೂ ಜೋಡಿಸಿ ಕಾರನ್ನು ಅಂಗಳದಲ್ಲಿ ನಿಲ್ಲಿಸಿದರು. ಸಂಜೆ ಆನಂದ ಬಂದು ಒಯ್ಯಬೇಕಿತ್ತು. ಅವನಿಗಿಂತ ಮೊದಲು ಮೇಸ್ತ್ರಿ ಬಂದರು. ಮದುವೆ ಮನೆಯ ಊಟ ಹೊಟ್ಟೆಗೆ ಒಗ್ಗಲಿಲ್ಲ ಎಂದು ಒಂದು ದಿನ ಮೊದಲೇ ಹೊರಟು ಬಂದಿದ್ದರು.

"ಇದ್ಯಾಕ ಇಲ್ಲೈತಿ?" ಅಂದರು.

"ಬ್ರೇಕ್ ನೋಡ್ರಿ ಅಂದಿದ್ದನ್ರಿ," ಅಂದೆ. ಸುಳ್ಳೂ ಅಲ್ಲ. ಎಂದೋ ಒಮ್ಮೆ ಅಂದಿರಬಹುದು.

ಮೇಸ್ತ್ರಿಗೆ ಒಂದು ಚಟವಿತ್ತು. ಗ್ಯಾರೇಜಿಗೆ ಬಂದ ಒಳ್ಳೆಯ ಗಾಡಿಯನ್ನು ಎದುರಿನ ಚಹಾದಂಗಡಿಯವರೆಗಾದರೂ ಓಡಿಸದೆ ಬಿಡುತ್ತಿರಲಿಲ್ಲ. ಕೀಲಿ ಅದರಲ್ಲೇ ಇತ್ತು. ನಾನು ಬೇಡ ಅನ್ನುವಷ್ಟರಲ್ಲಿ ಕೂತು ಹೊರಟರು. ಗೇಟಿನವರೆಗೆ ಕಾರು ರಾಜನ ಹಾಗೆ ಹೋಯಿತು. ಅಲ್ಲಿ ಸ್ಟೇರಿಂಗ್ ತಿರುಗಿಸಿದರು. ಹಿಂದಿನ ಗಾಲಿಗಳು 'ಕಿರ್ರ್' ಎಂದು ಚೀರಿ, ಕಟ್ಟಿಹಾಕಿದ ಕರುವಿನಂತೆ ಟಣ್ಣನೆ ಹಾರಿದವು. ಮತ್ತೆ ಚೀರಿದವು, ಮತ್ತೆ ಹಾರಿದವು. ಚಹಾದಂಗಡಿಯಲ್ಲಿ ಕೂತವರೆಲ್ಲ ಬಟ್ಟಲು ಹಿಡಿದು ಎದ್ದು ನಿಂತರು.

"ಏನ್ರಿ ಮೇಸ್ತ್ರಿ, ಗಾಡಿಗೆ ಕುಣಿಯಾಕ ಕಲಿಸೀರೇನು?" ಅಂದ ಅಂಗಡಿಯವನು.

ಮೇಸ್ತ್ರಿ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದರು. ಜಾಕ್ ಹಾಕಿ, ಎಣ್ಣೆ ಇಳಿಸಿ, ಡಿಫರೆನ್ಷಿಯಲ್ಲಿನ ಹಿಂದಿನ ಮುಚ್ಚಳ ಬಿಚ್ಚಿದರು. ಬ್ಯಾಟರಿ ಹಿಡಿದು, ಬಟ್ಟೆಯಿಂದ ಒರೆಸಿ, ಬಹಳ ಹೊತ್ತು ನೋಡಿದರು. ಆಮೇಲೆ ಕಾರಿನ ಕೆಳಗಿನಿಂದ ತಲೆ ಹೊರತೆಗೆದು, ಸೀದಾ ನನ್ನ ಗದ್ದ ನೋಡಿದರು. ನಾನು ಸೆರಗು ಮೇಲೆಳೆದುಕೊಂಡೆ. ತಡವಾಗಿತ್ತು.

"ಗುರುತು ಯಾರು ಕೊಟ್ರು ನಿನಗ?"

"ಯಾರೂ ಕೊಡಲಿಲ್ರಿ. ಅದಕ್ಕ ನಾನ ತೊಗೊಂಡೆ."

"ಹೆಂಗ ತಣ್ಣಗ ಮಾಡಿದಿ?"

ಮೊದಲು ನೀರು ಸುರಿದದ್ದು, ಒಡೆದದ್ದು, ಆಮೇಲಿನ ಬೂದಿ, ಕೌದಿ, ಎಲ್ಲ ಹೇಳಿದೆ. ನೀರಿನ ಸಂಗತಿಯನ್ನು ಮುಚ್ಚಿಡಬಹುದಿತ್ತು. ಆದರೆ ಭಾರ ಹೊರುವ ಬೆಸುಗೆಯ ವಿಷಯದಲ್ಲಿ ಸುಳ್ಳು ಹೇಳಲು ನನಗೂ ನಾಲಿಗೆ ಏಳಲಿಲ್ಲ. ಅವರು ಸಣ್ಣ ಸುತ್ತಿಗೆಯಿಂದ ಬೆಸುಗೆ ಬಡಿದು ಕಿವಿ ಕೊಟ್ಟು ಕೇಳಿದರು. ಒಳಗೆ ಬಿರುಕಿದ್ದರೆ ಸದ್ದು ಒಡೆದ ಗಡಿಗೆಯಂತೆ ಬರುತ್ತದೆ. ಇದು ಗಂಟೆಯ ಹಾಗೆ ಬಂತು.

"ಸದ್ದು ಒಮ್ಮೊಮ್ಮಿ ಸುಳ್ಳ ಹೇಳತೈತಿ," ಅಂದರು. "ಓಡಿಸಿ ನೋಡೂಣು. ಮುರೀತಂದ್ರ ನಾಳಿಯಿಂದ ನಿನಗ ಗೇಟು, ಗ್ರಿಲ್ಲು. ಗಾಡಿ ಮುಟ್ಟಾಂಗಿಲ್ಲ. ಉಳೀತಂದ್ರ ಆಮ್ಯಾಲೆ ಮಾತಾಡೂಣು. ಹತ್ತು, ಹಿಂದ ಕುಂದರು. ನಿನ್ನ ಬೆಸಿಗಿ ಮ್ಯಾಲೆ."

ಮುಚ್ಚಳ ಹಾಕಿ, ಎಣ್ಣೆ ತುಂಬಿ, ಅಷ್ಟರಲ್ಲಿ ಬಂದ ಆನಂದನನ್ನೂ ಹತ್ತಿಸಿಕೊಂಡು, ಉಣಕಲ್ಲಿನ ಆಚೆ ಒಂದು ಹೊಸ ಬಡಾವಣೆಗೆ ಹೋದೆವು. ಒಂದೂ ಮನೆ ಎದ್ದಿರಲಿಲ್ಲ, ಹರಡಿದ ಮಣ್ಣಿನ ಬಯಲಷ್ಟೇ. ಚರ್ಮದ ಆ ಸೀಟು ನಮ್ಮ ಮನೆಯ ಗಾದಿಗಿಂತ ಮೆತ್ತಗಿತ್ತು. ಶ್ರೀಮಂತರ ಕಾರಿನಲ್ಲಿ ನಾನು ಕೂತದ್ದು ಅದೊಂದೇ ಸಲ. ಮುಂದಕ್ಕೆ ಹೋಗಿದ್ದಕ್ಕಿಂತ ಅದು ಅಡ್ಡಕ್ಕೆ ಹೋದದ್ದೇ ಹೆಚ್ಚು.

ಮೇಸ್ತ್ರಿ ಟೋಪಿ ಬಿಗಿ ಮಾಡಿಕೊಂಡು ಒಮ್ಮೆಲೇ ಕಾಲೊತ್ತಿದರು. ಕಾರಿನ ಹಿಂಭಾಗ ಎಡಕ್ಕೆ ಹೊರಟಿತು, ಮೂತಿ ಬಲಕ್ಕೆ. ನಾನು ಒಂದು ಬಾಗಿಲಿಗೆ ಬಡಿದುಕೊಂಡೆ, ಆಮೇಲೆ ಇನ್ನೊಂದಕ್ಕೆ. ಕೈಲಿದ್ದ ನನ್ನ ಊಟದ ಡಬ್ಬಿ ಬಿಚ್ಚಿ, ಉಳಿದಿದ್ದ ಎಣಗಾಯಿ ಪಲ್ಯ ಆನಂದನ ಅಂಗಿಗೆ ಸೇರಿತು. ಧೂಳಿನಲ್ಲಿ ಸುತ್ತಿ ಸುತ್ತಿ, ಆಕಾಶ ಯಾವ ಕಡೆ ಇದೆ ಎಂಬುದೇ ತಿಳಿಯದಾಯಿತು. ನಾನು ಮಾತ್ರ ಕೂಗಲಿಲ್ಲ. ಕೆಳಗೆ ಎಲ್ಲಾದರೂ ಆ 'ಟಿಣ್' ಸದ್ದು ಬಂದೀತೇ ಎಂದು ಹಲ್ಲು ಕಚ್ಚಿ ಕೇಳುತ್ತಿದ್ದೆ. ಅದೊಂದು ಬಿಟ್ಟು ಎಲ್ಲ ಸದ್ದೂ ಬಂದವು.

"ಮೇಸ್ತ್ರಿ, ನೀವು ಇದನ್ನ ಎಲ್ಲಿ ಕಲತ್ರಿ?" ಅಂತ ಆನಂದ ಏದುಸಿರು ಬಿಡುತ್ತ ಕೇಳಿದ.

"ನಾ ಲಾರಿ ಹೊಡ್ಯಾಕ ಇದ್ನಿ. ಮಳಿಗಾಲದಾಗ ಎರಿ ಮಣ್ಣಿನ ದಾರಿಯಾಗ ಇದನ್ನ ಪುಕ್ಕಟ ಮಾಡ್ತಿದ್ವಿ. ನೀ ರೊಕ್ಕ ಕೊಟ್ಟು ಮಾಡಾಕತ್ತಿ."

ಕನ್ನಡಿಯಲ್ಲಿ ಅವರ ಮುಖ ಕಂಡಿತು. ಗಡ್ಡದ ತುಂಬ ಧೂಳು, ಅದರೊಳಗೆ ನಗು. ಸಾಕು ಎನ್ನಿಸಿದ ಮೇಲೂ ಅವರು ಇನ್ನೆರಡು ಸುತ್ತು ಹೊಡೆದರೆಂಬುದಕ್ಕೆ ನಾನೇ ಸಾಕ್ಷಿ.

ಗ್ಯಾರೇಜಿಗೆ ಬಂದು ಮತ್ತೆ ಮುಚ್ಚಳ ಬಿಚ್ಚಿದರು. ಬೆಸುಗೆ ಹಾಗೇ ಇತ್ತು. ಮೇಸ್ತ್ರಿ ನನ್ನ ಕೈಗೆ ಅರ ಕೊಟ್ಟರು.

"ಆ ಮೂರು ಚುಕ್ಕಿ ತಿಕ್ಕಿ ತಗಿ. ಕದ್ದು ಹೊಡದ ಗುರುತು ಅದು."

ಕಾರಿನ ಕೆಳಗೆ ಮಲಗಿ ತಿಕ್ಕಿದೆ. ಅಷ್ಟು ಹೊತ್ತು ಬಾರದ ಅಳು ಆಗ ಬಂತು. ಎಣ್ಣೆ ಕಣ್ಣಿಗೆ ಬಿತ್ತು ಎಂದು ಹೇಳಲು ತಯಾರಾಗಿಯೇ ಹೊರಗೆ ಬಂದೆ. ಅವರು ಅರ ತೊಗೊಂಡು, ಪಂಚು ಸುತ್ತಿಗೆ ಕೊಟ್ಟರು.

"ಈಗ ಹೊಡಿ. ನಾ ನೋಡಾಕತ್ತೇನಿ."

ಅದೇ ಜಾಗದಲ್ಲಿ ಹೊಡೆದೆ. ಎರಡು ಕೆಳಗೆ, ಒಂದು ಮೇಲೆ.

ಆನಂದನ ಪಂದ್ಯದ ಕಥೆ ಚಿಕ್ಕದು. ಮೂರನೆಯ ಸುತ್ತಿನಲ್ಲಿ ಕ್ಲಚ್ ಸುಟ್ಟಿತು, ಒಂದು ಆಕ್ಸಲ್ ಮುರಿಯಿತು, ರೇಡಿಯೇಟರು ಕುದಿಯಿತು. ಟೆಂಪೋದಲ್ಲಿ ಹೇರಿಕೊಂಡು ತಂದ. "ಕಾಕೂ, ನಿಮ್ಮ ಬೆಸಿಗಿ ಒಂದು ಬಿಟ್ಟು ಎಲ್ಲಾ ಹೋತು," ಎಂದು ಸಂತೋಷದಿಂದಲೇ ಹೇಳಿದ. ಮರುವಾರದಿಂದ ನನಗೆ ಲಾರಿಯ ಚಾಸಿ ಕೆಲಸ ಬಂತು. ಗಟ್ಟಿ ಉಕ್ಕು ಬಂದಾಗಲೆಲ್ಲ ಮೇಸ್ತ್ರಿ, "ಇದಕ್ಕ ಬಾಣಂತನ ಬೇಕಾಗತೈತೇನು?" ಅಂತ ಕೇಳುತ್ತಿದ್ದರು. ಆಮೇಲೆ ತಾನೇ ತಂತಿ ಬಿಡುವ ಮಷಿನ್ನು ಬಂತು, ತಾನೇ ಕಪ್ಪಾಗುವ ಗಾಜಿನ ಹೆಲ್ಮೆಟ್ಟು ಬಂತು. ಎಲ್ಲ ಒಳ್ಳೆಯದೇ, ಬಳಸಿರಿ. ಆದರೆ ಬಿಸಿ ಉಕ್ಕು ನಿಧಾನಕ್ಕೇ ತಣಿಯಬೇಕು. ಅದಕ್ಕೆ ಇನ್ನೂ ಮಷಿನ್ನಿನ ಅವಸರ ತಿಳಿಯುವುದಿಲ್ಲ.

ಕೆಲವು ವರ್ಷಗಳ ನಂತರ ಮೇಸ್ತ್ರಿ ಗ್ಯಾರೇಜನ್ನು ಮಗನಿಗೆ ಒಪ್ಪಿಸಿದರು. ಕೊನೆಯ ದಿನ ಎಲ್ಲರಿಗೂ ಚಹಾ ಕೊಡಿಸಿ, ನನ್ನನ್ನು ಒಳಗೆ ಕರೆದರು. ಅದೇ ಕಬ್ಬಿಣದ ಕುರ್ಚಿ.

"ಇದು ಹೆಂಗಾಗಿತ್ತು?" ಅಂದರು.

"ತಪ್ಪಿ ಆಗಿತ್ರಿ," ಅಂದೆ.

ಅವರು ಕುರ್ಚಿಯನ್ನು ಬೋರಲು ಹಾಕಿ, ಹಿಂಗಾಲಿನ ಒಳಬದಿಯನ್ನು ಬೆರಳಿನಿಂದ ತಿಕ್ಕಿದರು. ತುಕ್ಕಿನ ಅಡಿಯಿಂದ ಮೂರು ಚುಕ್ಕಿ ಕಂಡವು. ಎರಡು ಕೆಳಗೆ, ಒಂದು ಮೇಲೆ.

ನಾನು ತಡೆಯಲಾರದೆ ಕೇಳಿದೆ. "ಬಿಡಿಸಿದಾಗನ ನೋಡಿದ್ರೇನು?"

"ಹೂಂ."

"ಮತ್ಯಾಕ ಸುಮ್ಮನಿದ್ರಿ?"

ಮೇಸ್ತ್ರಿ ಕುರ್ಚಿಯನ್ನು ನೆಟ್ಟಗೆ ಮಾಡಿ ಅದರ ಮೇಲೆ ಕೂತರು.

"ಬಿಡಸಾಕ ಅರ್ಧ ದಿನಾ ಹತ್ತಿತಲ್ಲವಾ," ಅಂದರು. "ಬೆಸಿಗಿ ಛಲೋ ಇತ್ತು."